ತೂಬು ಇಳಿಸುವ 22 ಅಕ್ಷರ: ಕಿಡ್ನಿಯ ನೀರ್ಗುಳ್ಳೆಗಳೂ ಮೈಕ್ರೋ ಆರ್‌ಎನ್‌ಎಯೂ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಎರಡೂ ಕಿಡ್ನಿ ತುಂಬ ಸಿಸ್ಟ್, ಅಂದರೆ ನೀರ್ಗುಳ್ಳೆ, ಎಂದು ಬಂದ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಒಂದು, ನಮ್ಮೂರ ನೀರಿನಿಂದ ಹೀಗಾಯಿತೇ? ಇನ್ನೊಂದು, ಅಣ್ಣನಿಗೆ ನಲವತ್ತೈದಕ್ಕೇ ಡಯಾಲಿಸಿಸ್ ಬಂತು, ತಮ್ಮ ಐವತ್ತೆಂಟರಲ್ಲೂ ಚನ್ನಗಿರಿ ಕಡೆ ಅಡಿಕೆ ತೋಟ ನೋಡಿಕೊಂಡು ಓಡಾಡುತ್ತಾನೆ. ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ಅಂತರ ಯಾಕೆ?

ಮೊದಲನೆಯದನ್ನು ಬೇಗ ಮುಗಿಸಬಹುದು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ, ಅದು ಹಲ್ಲಿಗೂ ಮೂಳೆಗೂ ಕೇಡು. ಆದರೆ ತಲೆಮಾರಿನಿಂದ ತಲೆಮಾರಿಗೆ ಎರಡೂ ಕಿಡ್ನಿಯಲ್ಲಿ ಗುಳ್ಳೆ ಎಬ್ಬಿಸುವುದು ಅದಲ್ಲ. ಅದು ವಂಶವಾಹಿಯ ಕೆಲಸ. ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಬಿ.ಪಿ., ಉಪ್ಪು, ಕೆಟ್ಟಿರುವ ವಂಶವಾಹಿ ಯಾವುದು, ಎಷ್ಟು ಕೆಟ್ಟಿದೆ ಎಲ್ಲವೂ ಅದರೊಳಗೆ ಬರುತ್ತವೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಅದಕ್ಕೆ ಇನ್ನೊಂದು ಹೆಸರು ಸೇರಿದೆ, ಕೋಶದೊಳಗಿನ, ಸುಮಾರು 22 ರಾಸಾಯನಿಕ ಅಕ್ಷರದಷ್ಟೇ ಉದ್ದದ ಪುಟ್ಟ ಎಳೆ, ಮೈಕ್ರೋ ಆರ್‌ಎನ್‌ಎ.

ಭದ್ರಾ ನಾಲೆ ಕಂಡವರಿಗೆ ಇದನ್ನು ಹೇಳುವುದು ಸುಲಭ. ಜಲಾಶಯ 186 ಅಡಿ ತುಂಬಿ ನಿಂತಿದ್ದರೂ ಕೊನೆ ಭಾಗದ ಗದ್ದೆ ಒಣಗುವುದುಂಟು. ಅಣೆಕಟ್ಟೆಯಲ್ಲಿ ನೀರಿರುವುದು ಬೇರೆ, ಗದ್ದೆಗೆ ಬಂದು ಬೀಳುವುದು ಬೇರೆ. ನಡುವೆ ತೂಬುಗಳಿವೆ, ತೂಬು ಎತ್ತಿ ಇಳಿಸುವ ನೀರುಗಂಟಿ ಇದ್ದಾನೆ. ವಂಶವಾಹಿ ಅಣೆಕಟ್ಟೆ ಎನ್ನಿ. ಅದರಿಂದ ಹೊರಡುವ ಸಂದೇಶವಾಹಕ ಆರ್‌ಎನ್‌ಎ ನಾಲೆ. ಗದ್ದೆಗೆ ಬೀಳುವ ನೀರು ಪ್ರೋಟೀನು. ಮೈಕ್ರೋ ಆರ್‌ಎನ್‌ಎ ಹೊಸ ನೀರು ತರುವುದಿಲ್ಲ, ಅಣೆಕಟ್ಟೆ ಒಡೆಯುವುದೂ ಇಲ್ಲ, ಹರಿಯುತ್ತಿರುವುದನ್ನು ತೂಬಿನಲ್ಲಿ ತಗ್ಗಿಸುತ್ತದೆ ಅಷ್ಟೇ. ನೀರು ಸಾಕಷ್ಟಿದ್ದ ವರ್ಷ ನೀರುಗಂಟಿ ತೂಬನ್ನು ನಾಲ್ಕು ಬೆರಳು ಇಳಿಸಿದರೆ ಯಾರ ಗಮನಕ್ಕೂ ಬರುವುದಿಲ್ಲ. ಅರ್ಧ ನಾಲೆ ಹರಿಯುವ ವರ್ಷ ಅದೇ ನಾಲ್ಕು ಬೆರಳಿಗೆ ಪೈರು ಹೋಗುತ್ತದೆ.

ತಲೆಮಾರಿನಿಂದ ತಲೆಮಾರಿಗೆ ಇಳಿದು ಎರಡೂ ಕಿಡ್ನಿಯಲ್ಲಿ ಗುಳ್ಳೆ ಎಬ್ಬಿಸುವ ಈ ಕಾಯಿಲೆಗೆ ವೈದ್ಯರು ಎಡಿಪಿಕೆಡಿ ಎನ್ನುತ್ತಾರೆ. ಅದು ಅರ್ಧ ನಾಲೆಯ ಕಾಯಿಲೆ. ಹತ್ತರಲ್ಲಿ ಸುಮಾರು ಎಂಟು ಕುಟುಂಬಗಳಲ್ಲಿ ಕೆಟ್ಟಿರುವುದು 16ನೇ ವರ್ಣತಂತುವಿನ ಪಿಕೆಡಿ1. ಉಳಿದವುಗಳಲ್ಲಿ ಹೆಚ್ಚಿನವಕ್ಕೆ 4ನೇ ವರ್ಣತಂತುವಿನ ಪಿಕೆಡಿ2. ಇವುಗಳನ್ನು ಗುರುತಿಸಿದ್ದು 1994 ಮತ್ತು 1996ರಲ್ಲಿ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ, ಗಂಡು ಹೆಣ್ಣೆಂಬ ಭೇದವಿಲ್ಲ. ದೊಡ್ಡವನಿಗೆ ಬಂತು, ಇನ್ನು ಚಿಕ್ಕವನು ಪಾರು ಎಂಬ ಲೆಕ್ಕ ಇಲ್ಲಿ ನಡೆಯದು. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು.

ಪಿಕೆಡಿ1 ಕೊಡುವ ಪ್ರೋಟೀನು ಪಾಲಿಸಿಸ್ಟಿನ್-1, 4,300 ಅಮೈನೋ ಆಮ್ಲಗಳ ಭಾರಿ ಸರ. ಪಾಲಿಸಿಸ್ಟಿನ್-2 ಚಿಕ್ಕದು, 968. ಒಂದು ಪಾಲಿಸಿಸ್ಟಿನ್-1ಕ್ಕೆ ಮೂರು ಪಾಲಿಸಿಸ್ಟಿನ್-2 ಸೇರಿ, ಮೂತ್ರನಾಳಿಕೆಯ ಕೋಶದ ಮೇಲೆ ಕಡ್ಡಿಯಂತೆ ನಿಂತ ಸಿಲಿಯಂ ಎಂಬ ರೋಮದಲ್ಲಿ ಕೂರುತ್ತವೆ. ಹುಟ್ಟಿನಿಂದಲೇ ಒಂದು ಪ್ರತಿ ಕೆಟ್ಟಿರುವುದರಿಂದ ಎಲ್ಲ ಕೋಶಗಳಲ್ಲೂ ಉತ್ಪತ್ತಿ ಸುಮಾರು ಅರ್ಧ. ಅಷ್ಟರಲ್ಲೇ ಬಹುಪಾಲು ನಾಳಿಕೆಗಳು ಜೀವನವಿಡೀ ನಿಭಾಯಿಸಿಬಿಡುತ್ತವೆ. ಯಾವ ನಾಳಿಕೆಯ ಕೋಶದಲ್ಲಿ ಆ ಮಟ್ಟ ಇನ್ನೂ ಕುಸಿದು ಒಂದು ಗೆರೆಯ ಕೆಳಗಿಳಿಯುತ್ತದೋ ಅಲ್ಲಿ ಕೋಶಗಳು ಬೇಕಾಬಿಟ್ಟಿ ಒಡೆದು ಹೆಚ್ಚುತ್ತವೆ, ಒಳಗೆ ನೀರು ಸೋರಿಸಿಕೊಳ್ಳುತ್ತವೆ, ಗುಳ್ಳೆ ಎದ್ದೇಳುತ್ತದೆ. ಗೆರೆಯ ಕೆಳಗಿಳಿಸುವ ದಾರಿ ಒಂದಲ್ಲ. ಉಳಿದ ಒಳ್ಳೆಯ ಪ್ರತಿಯೂ ಆ ಕೋಶದಲ್ಲಿ ಕೆಡಬಹುದು, ಅಥವಾ ಪ್ರತಿ ಸರಿಯಿದ್ದೂ ತೂಬು ಇಳಿಯಬಹುದು.

ಪ್ರಮಾಣವೇ ಮುಖ್ಯ ಎನ್ನಲು ಫ್ರಾನ್ಸಿನ ದೊಡ್ಡ ರೋಗಿ ಸಮೂಹದ ಲೆಕ್ಕ ಸಾಕು. ಪಿಕೆಡಿ1 ಪ್ರೋಟೀನು ಅರ್ಧದಲ್ಲೇ ಕತ್ತರಿಸಿಹೋಗುವಂಥ ದೋಷವಿದ್ದವರಿಗೆ ಕಿಡ್ನಿ ಪೂರ್ತಿ ಸೋಲುವ ಮಧ್ಯಾಂಕ ವಯಸ್ಸು, ಅಂದರೆ ಅರ್ಧದಷ್ಟು ಜನರಿಗೆ ಸೋತಿರುವ ವಯಸ್ಸು, ಸುಮಾರು 55. ಪ್ರೋಟೀನು ಪೂರ್ತಿ ಉದ್ದ ಬಂದು ಎಲ್ಲೋ ಒಂದು ಕಡೆ ತಪ್ಪಿರುವವರಿಗೆ ಸುಮಾರು 67. ಪಿಕೆಡಿ2ರವರಿಗೆ ಸುಮಾರು 79. ಕಾಯಿಲೆಯ ಹೆಸರು ಒಂದೇ, ನಡುವೆ ಇಪ್ಪತ್ತನಾಲ್ಕು ವರ್ಷ. ಅಪ್ಪನಿಗೆ ಐವತ್ತಕ್ಕೆ ಹೋಯಿತು, ನನಗೂ ಐವತ್ತೇ ಎಂದು ಹೆದರುವವರು ಮೊದಲು ಯಾವ ವಂಶವಾಹಿ, ಯಾವ ಬಗೆಯ ದೋಷ ಎಂದು ತಿಳಿದುಕೊಳ್ಳಬೇಕು. ಆದರೆ ಅಣ್ಣ ತಮ್ಮಂದಿರಲ್ಲಿ ವಂಶವಾಹಿಯ ದೋಷವೂ ಒಂದೇ ಇರುತ್ತದೆ. ಅಲ್ಲಿ ಅಂತರ ತರುವ ಹಲವು ಕೈಗಳಲ್ಲಿ ನೀರುಗಂಟಿಯದೂ ಒಂದು ಎಂಬುದು ನನ್ನ ಅಂದಾಜು. ಯಾರ ಮನೆಯಲ್ಲಿ ಎಷ್ಟು ಪಾಲು ಎಂದು ಅಳೆದು ಹೇಳುವ ಪರೀಕ್ಷೆ ಆಸ್ಪತ್ರೆಗಳಲ್ಲಿಲ್ಲ.

ತೂಬಿನ ಕೀಲು

ಮೈಕ್ರೋ ಆರ್‌ಎನ್‌ಎ ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಎಂಬ ಹುಳುವಿನಲ್ಲಿ, 1993ರಲ್ಲಿ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ಅದಕ್ಕಾಗಿ 2024ರ ವೈದ್ಯಕೀಯ ನೊಬೆಲ್ ಬಂತು. ಕಂಡ ಮೇಲಿನ ಮೊದಲ ಏಳು ವರ್ಷ ಬಹುತೇಕರು ಅದನ್ನು ಹುಳುವಿನದೇ ವಿಚಿತ್ರ ಎಂದು ಬದಿಗಿಟ್ಟಿದ್ದರು.

ತಯಾರಿ ಹೀಗೆ. ಕೋಶದ ನ್ಯೂಕ್ಲಿಯಸ್ಸಿನಲ್ಲಿ ಉದ್ದನೆಯ ಆರ್‌ಎನ್‌ಎ ಹುಟ್ಟಿ ತನ್ನ ಮೇಲೆ ತಾನೇ ಮಡಚಿಕೊಂಡು ಹೇರ್‌ಪಿನ್ ಆಕಾರ ಪಡೆಯುತ್ತದೆ. ಡ್ರೋಶಾ ಎಂಬ ಕಿಣ್ವ ಸುಮಾರು 70 ಅಕ್ಷರದ ತುಂಡು ಮಾಡುತ್ತದೆ. ಎಕ್ಸ್‌ಪೋರ್ಟಿನ್-5 ಅದನ್ನು ಹೊರಗೆ ಸಾಗಿಸುತ್ತದೆ. ಅಲ್ಲಿ ಡೈಸರ್ ಇನ್ನೊಮ್ಮೆ ಕತ್ತರಿಸಿ ಸುಮಾರು 22 ಅಕ್ಷರದ ಜೋಡಿ ಎಳೆ ಮಾಡುತ್ತದೆ. ಒಂದೆಳೆ ಆರ್ಗೊನಾಟ್ ಪ್ರೋಟೀನಿನ ಹಿಡಿತಕ್ಕೆ ಸೇರುತ್ತದೆ, ಇನ್ನೊಂದು ಹೆಚ್ಚಿನ ಸಲ ಹಾಳಾಗಿ ಹೋಗುತ್ತದೆ. ಆರ್ಗೊನಾಟ್ ತನ್ನೊಳಗಿನ ಎಳೆಯನ್ನು ಗುರುತಿನ ಚೀಟಿಯಂತೆ ಹಿಡಿದು ಸಂದೇಶವಾಹಕ ಆರ್‌ಎನ್‌ಎಗಳ ಬಾಲದಲ್ಲಿ ಹೊಂದಾಣಿಕೆ ಹುಡುಕುತ್ತ ಓಡಾಡುತ್ತದೆ. 22 ಅಕ್ಷರವೂ ಹೊಂದಬೇಕೆಂದಿಲ್ಲ. 2ರಿಂದ 8ನೆಯವರೆಗಿನ ಏಳು ಅಕ್ಷರ ಹೊಂದಿದರೆ ಕೆಲಸ ಆಗುತ್ತದೆ. ಈ ಏಳಕ್ಕೆ ಬೀಜ ಎನ್ನುತ್ತಾರೆ. ಬೀಜ ಕೂತಲ್ಲಿ ಆ ಸಂದೇಶ ಮೆಲ್ಲಗೆ ಕರಗುತ್ತದೆ, ಪ್ರೋಟೀನು ಕಡಿಮೆ ತಯಾರಾಗುತ್ತದೆ. ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಸಂದೇಶಗಳ ಮೇಲೆ ಕೂರಬಲ್ಲದು, ಪ್ರತಿಯೊಂದನ್ನೂ ಅಷ್ಟಿಷ್ಟು ತಗ್ಗಿಸುತ್ತದೆ.

ನೀರ್ಗುಳ್ಳೆ ಕಾಯಿಲೆಯಲ್ಲಿ ಎಲ್ಲರ ಕಣ್ಣು ಬಿದ್ದಿರುವುದು ಮಿರ್-17ರ ಮೇಲೆ (ಮಿರ್ ಎಂದರೆ ಮೈಕ್ರೋ ಆರ್‌ಎನ್‌ಎಯ ಚುಟುಕು ಹೆಸರು). 13ನೇ ವರ್ಣತಂತುವಿನಲ್ಲಿ ಆರು ಮೈಕ್ರೋ ಆರ್‌ಎನ್‌ಎಗಳು ಒಂದೇ ಸಾಲಿನಲ್ಲಿ ಕೂತಿರುವ ಗುಂಪು ಅದರದು. ಗುಂಪಿಗೆ ಮಿರ್-17~92 ಎಂದು ಹೆಸರು. ಕ್ಯಾನ್ಸರ್ ಸಂಶೋಧಕರಿಗೆ ಇದು ಹಳೆಯ ಪರಿಚಯ. ಇದರ ಬೀಜ ಎ-ಎ-ಎ-ಜಿ-ಯು-ಜಿ-ಸಿ. ಇದೇ ಬೀಜ ಮಿರ್-20ಎ, 20ಬಿ, 93, 106ಎ, 106ಬಿಗಳಲ್ಲೂ ಇದೆ. ಒಬ್ಬ ನೀರುಗಂಟಿಯಲ್ಲ, ಆರು ಜನ ದಾಯಾದಿಗಳು, ಎಲ್ಲರ ಕೈಯಲ್ಲೂ ಒಂದೇ ಕೀಲಿ. ಒಬ್ಬನನ್ನು ಮಾತ್ರ ತಡೆದು ಪ್ರಯೋಜನವಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಕೆಲಸದ ಸರಪಳಿ ಹೀಗೆ ಕಂಡುಬಂತು. ಗುಳ್ಳೆಯ ಕೋಶದಲ್ಲಿ ಸಿ-ಮಿಕ್ ಎಂಬ ಬೆಳವಣಿಗೆಯ ಪ್ರೋಟೀನು ಏರುತ್ತದೆ, ಅದು ಮಿರ್-17 ಗುಂಪನ್ನು ಎಬ್ಬಿಸುತ್ತದೆ. ಕಾಯಿಲೆಯ ಇಲಿಗಳಲ್ಲಿ ಆ ಗುಂಪನ್ನು ತೆಗೆದುಹಾಕಿದಾಗ ಗುಳ್ಳೆಗಳ ಬೆಳವಣಿಗೆ ತಗ್ಗಿತು; ಇದು 2013ರ ಕೆಲಸ. 2017ರಲ್ಲಿ ಒಂದು ದಾರಿ ತಿಳಿಯಿತು: ಮಿರ್-17 ಪಿಪಿಎಆರ್-ಆಲ್ಫಾ ಎಂಬ ಪ್ರೋಟೀನನ್ನು ತಗ್ಗಿಸುತ್ತದೆ, ಅದರಿಂದ ಕೋಶವು ಕೊಬ್ಬು ಸುಟ್ಟು ಶಕ್ತಿ ಪಡೆಯುವ ಮೈಟೊಕಾಂಡ್ರಿಯದ ಕೆಲಸ ಕುಂದುತ್ತದೆ. 2022ರಲ್ಲಿ ತಿಳಿದದ್ದು ಇದಕ್ಕಿಂತ ನೇರ. ಪಿಕೆಡಿ1 ಮತ್ತು ಪಿಕೆಡಿ2 ಸಂದೇಶಗಳ ಬಾಲದಲ್ಲೇ ಮಿರ್-17 ಕೂರುವ ಜಾಗವಿದೆ. ಆ ಪುಟ್ಟ ಜಾಗವನ್ನು ಮಾತ್ರ ಕತ್ತರಿಸಿ ತೆಗೆದಾಗ ಪಾಲಿಸಿಸ್ಟಿನ್ ಏರಿತು, ಗುಳ್ಳೆಗಳು ತಗ್ಗಿದವು. ಮೊದಲೇ ಅರ್ಧ ಹರಿಯುವ ನಾಲೆಯ ತೂಬನ್ನು ಕಾಯಿಲೆಯೇ ಇನ್ನಷ್ಟು ಇಳಿಸುತ್ತಿತ್ತು ಎಂದಾಯಿತು.

ಇಲ್ಲಿ ಒಂದು ಮಿತಿ ಇದೆ, ಪತ್ರಿಕೆಗಳ ವಿಜ್ಞಾನ ಪುಟ ಇದನ್ನು ಬಿಟ್ಟುಬಿಡುತ್ತದೆ. ತೂಬು ಎತ್ತಿದರೆ ಪ್ರಯೋಜನ ನಾಲೆಯಲ್ಲಿ ನೀರಿದ್ದಾಗ ಮಾತ್ರ. ಯಾವ ಕೋಶದಲ್ಲಿ ಎರಡೂ ಪ್ರತಿ ಪೂರ್ತಿ ನಾಶವಾಗಿವೆಯೋ ಅಲ್ಲಿ ಮಿರ್-17 ತಡೆದು ಪಾಲಿಸಿಸ್ಟಿನ್ ಏರಿಸಲಾಗದು. ಒಂದಾದರೂ ಕೆಲಸ ಮಾಡುವ ಪ್ರತಿ, ಅರೆಬರೆ ಕೆಲಸ ಮಾಡುವುದಾದರೂ ಸರಿ, ಇರಬೇಕು.

ಹೆಚ್ಚಾಗಿ ಕಂಡದ್ದೆಲ್ಲ ಅಪರಾಧಿಯೂ ಅಲ್ಲ. ಗುಳ್ಳೆ ಕಿಡ್ನಿಯಲ್ಲಿ ಮಿರ್-21, ಮಿರ್-214 ಎರಡೂ ಏರಿರುತ್ತವೆ. ಮಿರ್-21 ನಿಜಕ್ಕೂ ಕಿಡಿಗೇಡಿ: ಸೈಕ್ಲಿಕ್ ಎಎಂಪಿ ಎಂಬ ಕೋಶದೊಳಗಿನ ಸಂಕೇತದ ಅಣು ಏರಿದಾಗ ಇದೂ ಏರಿ, ಪಿಡಿಸಿಡಿ4 ಎಂಬ ಪ್ರೋಟೀನನ್ನು ತಗ್ಗಿಸಿ, ಸಾಯಬೇಕಾದ ಕೋಶವನ್ನು ಬದುಕಿಸುತ್ತದೆ. ಮಿರ್-214 ಹಾಗಲ್ಲ. ಇಲಿಯಲ್ಲಿ ಅದನ್ನು ತೆಗೆದಾಗ ಕಾಯಿಲೆ ಜೋರಾಯಿತು. ಅದು ಟಿಎಲ್‌ಆರ್4 ಎಂಬ ರಿಸೆಪ್ಟರಿನ ಮೂಲಕ ಹೊತ್ತುವ ಉರಿಯೂತಕ್ಕೆ ನೀರು ಎರಚುತ್ತಿತ್ತು. ಬೆಂಕಿ ಬಿದ್ದ ಕಡೆ ಅಗ್ನಿಶಾಮಕ ವಾಹನವೂ ಇರುತ್ತದೆ. ವಾಹನ ಕಂಡದ್ದಕ್ಕೆ ಅದೇ ಬೆಂಕಿ ಹಚ್ಚಿತು ಎನ್ನುವ ತಪ್ಪನ್ನು ಬರೀ ಹೆಚ್ಚು ಕಡಿಮೆ ಪಟ್ಟಿ ಮಾಡುವ ಪ್ರಬಂಧಗಳು ಮತ್ತೆ ಮತ್ತೆ ಮಾಡುತ್ತವೆ.

ಮೂರು ಕಾಯಿಲೆ, ಮೂರು ಗತಿ

ಮಿರ್-17ಕ್ಕೆ ಅಡ್ಡಗಾಲು ಹಾಕಲು ಮಾಡಿದ ಮೊದಲ ಮದ್ದು ಆರ್‌ಜಿಎಲ್‌ಎಸ್4326. ಬರೀ 9 ಅಕ್ಷರದ, ರಾಸಾಯನಿಕವಾಗಿ ಗಟ್ಟಿಗೊಳಿಸಿದ ಎಳೆ. ಬೀಜಕ್ಕೆ ಅಂಟಿ ಕೂತು ಆರೂ ದಾಯಾದಿಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಇಷ್ಟು ಚಿಕ್ಕದು ಮಾಡಿದ್ದಕ್ಕೆ ಕಾರಣವಿದೆ. ಇಂಥ ಎಳೆಗಳನ್ನು ಚರ್ಮದಡಿ ಚುಚ್ಚಿದರೆ ಸಾಮಾನ್ಯವಾಗಿ ಯಕೃತ್ತಿಗೂ ಕಿಡ್ನಿಯ ಮೊದಲ ಭಾಗದ ನಾಳಿಕೆಗೂ ಹೋಗಿ ಸೇರುತ್ತವೆ. ಎಡಿಪಿಕೆಡಿ ಗುಳ್ಳೆಗಳು ಬಹುಪಾಲು ಏಳುವುದು ಕೊನೆಯ ಸಂಗ್ರಹನಾಳಗಳಲ್ಲಿ. ಅಲ್ಲಿಗೆ ತಲುಪುವ ಎಳೆಯನ್ನೇ ಆರಿಸಬೇಕಿತ್ತು, ಆರಿಸಿದರು. ಆದರೆ ಹೆಚ್ಚಿನ ಡೋಸಿನಲ್ಲಿ ಪ್ರಾಣಿಗಳಲ್ಲಿ ನರಮಂಡಲದ ತೊಂದರೆ ಕಂಡಿತು. ಮದ್ದು ಮೆದುಳಿನ ಎಎಂಪಿಎ ರಿಸೆಪ್ಟರಿಗೂ ತಗಲುತ್ತಿತ್ತು. ಮಿರ್-17ಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ಅಣುವಿನ ರಚನೆಯ ದೋಷ ಅದು. ರಚನೆ ತಿದ್ದಿ ಆರ್‌ಜಿಎಲ್‌ಎಸ್8429 ಮಾಡಿದರು, ಈಗಿನ ಹೆಸರು ಫಾರಾಬರ್ಸೆನ್. ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚುಮದ್ದು. ಮೊದಲ ಹಂತದ ಪ್ರಯೋಗದಲ್ಲಿ ಕೆ.ಜಿ.ಗೆ 1, 2, 3 ಮಿಲಿಗ್ರಾಂ, ಬಳಿಕ ಇನ್ನೊಂದು ಗುಂಪಿಗೆ ತೂಕ ನೋಡದೆ 300 ಮಿಲಿಗ್ರಾಂ ನಿಗದಿ ಡೋಸು ಕೊಟ್ಟು ನೋಡಿದರು. ಮದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅವರು ಅಳೆದದ್ದು ಮೂತ್ರದಲ್ಲಿ ಬರುವ ಪಾಲಿಸಿಸ್ಟಿನ್-1 ಮತ್ತು 2, ಅವು ಏರಿದವು. ಮದ್ದು ಕಟ್ಟಿದ ರೆಗ್ಯುಲಸ್ ಕಂಪನಿಯನ್ನು ಕೊಳ್ಳುವುದಾಗಿ ನೊವಾರ್ಟಿಸ್ 2025ರಲ್ಲಿ ಘೋಷಿಸಿತು. ಇದು ಪ್ರಯೋಗದ ಮದ್ದು. ಪಿ.ಬಿ. ರಸ್ತೆಯ ಮೆಡಿಕಲ್ ಶಾಪಿನಲ್ಲಿ ಕೇಳುವಂಥದ್ದಲ್ಲ.

ಆಲ್ಪೋರ್ಟ್ ಸಿಂಡ್ರೋಮ್ ಎಂಬ ಇನ್ನೊಂದು ವಂಶಪಾರಂಪರ್ಯ ಕಾಯಿಲೆಯಲ್ಲಿ ಸೋಸುವ ಜರಡಿಯ ಕೊಲಾಜೆನ್ ಕೆಟ್ಟಿರುತ್ತದೆ, ಮೂತ್ರದಲ್ಲಿ ರಕ್ತ, ಬರಬರುತ್ತ ಕಿವುಡು. ಇಲ್ಲಿ ಗುರಿ ಮಿರ್-21. ಆಲ್ಪೋರ್ಟ್ ಇಲಿಗಳಿಗೆ ಮಿರ್-21 ತಡೆ ಕೊಟ್ಟಾಗ ಕಿಡ್ನಿ ಗಾಯಗಟ್ಟುವುದು ತಗ್ಗಿ ಹೆಚ್ಚು ದಿನ ಬದುಕಿದವು, 2015ರಲ್ಲಿ ಅದು ದೊಡ್ಡ ಸುದ್ದಿ. ಮನುಷ್ಯರಲ್ಲಿ ಲ್ಯಾಡೆಮಿರ್ಸೆನ್ ಹೆಸರಿನ ಅದೇ ಮದ್ದಿನ ಎರಡನೇ ಹಂತದ ಪ್ರಯೋಗವನ್ನು 2022ರಲ್ಲಿ ನಡುವೆಯೇ ನಿಲ್ಲಿಸಿದರು. ತೊಂದರೆ ಕೊಟ್ಟಿತೆಂದಲ್ಲ, ಪ್ರಯೋಜನ ಕಾಣಲಿಲ್ಲ. ನನಗೆ ತೋರುವ ಕಾರಣ ಇದು: ಆಲ್ಪೋರ್ಟಿನಲ್ಲಿ ಮಿರ್-21 ಕಾಯಿಲೆಯ ಬುಡದಲ್ಲಿಲ್ಲ, ಆದ ಗಾಯದ ಮೇಲೆ ಬಂದು ಕೂತದ್ದು. ಕೊಲಾಜೆನ್ ಕೆಟ್ಟೇ ಇದೆ, ಜರಡಿ ಹರಿಯುತ್ತಲೇ ಇದೆ. ಪಿಕೆಡಿಯಲ್ಲಿ ಮಿರ್-17 ಕೂರುವುದು ಕೆಟ್ಟ ವಂಶವಾಹಿಯ ಸಂದೇಶದ ಮೇಲೆಯೇ. ಎರಡರ ಫಲವೂ ಒಂದೇ ಆಗುತ್ತದೆಂದು ಹೆದರಬೇಕಿಲ್ಲ, ಗೆದ್ದೇ ಗೆಲ್ಲುತ್ತದೆಂದು ಕುಣಿಯಲೂ ಬೇಡ.

ನಿಜಕ್ಕೂ ಗೆದ್ದಿರುವುದು ಮೂರನೆಯದು. ಅಲ್ಲಿನ ಎಳೆ ಮೈಕ್ರೋ ಆರ್‌ಎನ್‌ಎ ಅಲ್ಲ, ಅದರ ತಂಗಿ ಎಸ್‌ಐಆರ್‌ಎನ್‌ಎ. ಯಂತ್ರ ಅದೇ ಆರ್ಗೊನಾಟ್; ಆದರೆ ಇಲ್ಲಿ ಹೊಂದಾಣಿಕೆ ಬರೀ ಬೀಜಕ್ಕಲ್ಲ, ಇಡೀ ಉದ್ದಕ್ಕೂ. ಹಾಗಾಗಿ ಸಂದೇಶ ತಗ್ಗುವುದಷ್ಟೇ ಅಲ್ಲ, ಕತ್ತರಿಸಿಯೇ ಹೋಗುತ್ತದೆ. ಕಾಯಿಲೆ ಪ್ರೈಮರಿ ಹೈಪರ್‌ಆಕ್ಸಲೂರಿಯಾ ಟೈಪ್ 1. ಎಜಿಎಕ್ಸ್‌ಟಿ ವಂಶವಾಹಿ ಕೆಟ್ಟು ಯಕೃತ್ತು ಬೇಡದಷ್ಟು ಆಕ್ಸಲೇಟ್ ಮಾಡುತ್ತದೆ, ಅದು ಕಿಡ್ನಿಯಲ್ಲಿ ಕಲ್ಲಾಗಿ ಕೂರುತ್ತದೆ. ಲುಮಾಸಿರಾನ್ ಎಂಬ ಮದ್ದು ಎಚ್‌ಎಒ1 ಎಂಬ ಇನ್ನೊಂದು ಸಂದೇಶವನ್ನು ಕತ್ತರಿಸಿ ಆಕ್ಸಲೇಟಿನ ಕಚ್ಚಾವಸ್ತುವನ್ನೇ ನಿಲ್ಲಿಸುತ್ತದೆ. 2020ರ ನವೆಂಬರಿನಲ್ಲಿ ಯುರೋಪು, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 20 ಕೆ.ಜಿ. ಮೀರಿದವರಿಗೆ ಕೆ.ಜಿ.ಗೆ 3 ಮಿಲಿಗ್ರಾಂ, ತಿಂಗಳಿಗೊಂದರಂತೆ ಮೂರು, ಆಮೇಲೆ ಮೂರು ತಿಂಗಳಿಗೊಮ್ಮೆ, 30 ಕೆ.ಜಿ. ಮಗುವಿಗೆ ಪ್ರತಿ ಸಲ 90 ಮಿಲಿಗ್ರಾಂ. ಆರು ವರ್ಷ ಮೇಲ್ಪಟ್ಟವರ ಪ್ರಯೋಗದಲ್ಲಿ 24 ಗಂಟೆಯ ಮೂತ್ರದ ಆಕ್ಸಲೇಟ್ ಸರಾಸರಿ ಶೇ. 65ರಷ್ಟು ಇಳಿಯಿತು. ಗೆಲುವಿನ ಗುಟ್ಟು ವಿಳಾಸದಲ್ಲಿದೆ. ಕಾಯಿಲೆ ತೋರುವುದು ಕಿಡ್ನಿಯಲ್ಲಿ, ಹುಟ್ಟುವುದು ಯಕೃತ್ತಿನಲ್ಲಿ. ಎಳೆಗೆ ಗ್ಯಾಲ್‌ನ್ಯಾಕ್ ಎಂಬ ಸಕ್ಕರೆ ಕಟ್ಟಿದರೆ ಅದು ನೇರ ಯಕೃತ್ತಿನ ಕೋಶಕ್ಕೇ ಹೋಗುತ್ತದೆ. ಗುಳ್ಳೆಯ ಕೋಶಕ್ಕೆ ಇಂಥ ಸುಲಭ ಚೀಟಿ ಸಿಕ್ಕಿಲ್ಲ.

ಆಕ್ಸಲೇಟಿನ ಈ ಕಾಯಿಲೆ ನಮ್ಮ ಕಡೆ ನೆನಪಿಡಬೇಕಾದದ್ದು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸುತ್ತದೆ, ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿಯಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಸಂಭವ. ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದಲ್ಲಿ ಮಗುವಿನ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿ ಒಬ್ಬನೇ ಹಿರಿಯನಿಂದ ಬಂದಿರುವ ಸಾಧ್ಯತೆ ಎಂಟರಲ್ಲೊಂದು, ಅತ್ತೆಯ ಮಗ ಮಾವನ ಮಗಳಾದರೆ ಹದಿನಾರರಲ್ಲೊಂದು. ಬಿಸಿಲ ನಾಡಲ್ಲಿ ಕಲ್ಲು ಯಾರಿಗಾದರೂ ಆಗುತ್ತದೆ. ಆದರೆ ಐದಾರು ವರ್ಷದ ಮಗುವಿಗೆ ಕಲ್ಲಾದರೆ, ಮತ್ತೆ ಮತ್ತೆ ಆದರೆ, ಮನೆಯಲ್ಲಿ ಒಳಸಂಬಂಧವೂ ಇದ್ದರೆ, ಬರೀ ನೀರು ಕುಡಿಸಿ ಎಂದು ಕಳಿಸಬಾರದು. 24 ಗಂಟೆಯ ಮೂತ್ರದ ಆಕ್ಸಲೇಟ್ ಬೇಕು. ಬೆಳಿಗ್ಗೆ ಎದ್ದ ಮೊದಲ ಮೂತ್ರ ಚೆಲ್ಲಿ ಗಡಿಯಾರ ನೋಡಿಕೊಳ್ಳಿ; ಅಲ್ಲಿಂದ ಮರುದಿನ ಅದೇ ಹೊತ್ತಿನ ಮೂತ್ರದವರೆಗೆ, ಅದೂ ಸೇರಿ, ಎಲ್ಲವೂ ಕ್ಯಾನಿಗೆ. ಕ್ಯಾನಿನಲ್ಲಿ ಲ್ಯಾಬಿನವರು ಆಮ್ಲ ಹಾಕಿ ಕೊಡಬೇಕು, ಇಲ್ಲದಿದ್ದರೆ ಆಕ್ಸಲೇಟ್ ತಳದಲ್ಲಿ ಗಟ್ಟಿಯಾಗಿ ಲೆಕ್ಕ ಕಡಿಮೆ ಬರುತ್ತದೆ. ಆಮ್ಲವಿರುವ ಕ್ಯಾನಿಗೆ ಮಗು ನೇರ ಕೂರದೆ ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಬೇಕು. ವಿಟಮಿನ್ ಸಿ ಮಾತ್ರೆ ತಿನ್ನುತ್ತಿದ್ದರೆ ಲೆಕ್ಕ ಸುಳ್ಳೇ ಏರುತ್ತದೆ, ಮೊದಲೇ ವೈದ್ಯರಿಗೆ ಹೇಳಿ. ಶಾಲೆಗೆ ಹೋಗಿ ಒಂದು ಸಲ ಹೊರಗೆ ಮಾಡಿ ಬಂದರೂ ಇಡೀ ದಿನದ ಕೆಲಸ ದಂಡ, ಭಾನುವಾರ ಒಳ್ಳೆಯದು.

ಮೂತ್ರದಲ್ಲಿ ಮಿರ್ ಅಳೆಯುವವರಿಗೆ

ಇದು ಕಾಲೇಜು ಲ್ಯಾಬಿನವರಿಗೆ. ಪ್ರಾಜೆಕ್ಟಿಗೆ ಮೈಕ್ರೋ ಆರ್‌ಎನ್‌ಎ ಎತ್ತಿಕೊಂಡ ವಿದ್ಯಾರ್ಥಿಗಳು ಎಡವುವ ಕಲ್ಲುಗಳು ಎಲ್ಲ ಕಡೆ ಅವೇ.

ಬೆಳಗಿನ ಎರಡನೇ ಮೂತ್ರ 50 ಮಿ.ಲೀ. ಸಾಕು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ತಂದ ಮೂತ್ರವನ್ನು ಸಿಂಕಿಗೆ ಸುರಿಯುವುದೇ ಸರಿ. ಐಸ್ ಮೇಲೆ ತಂದು, 2,000 ಜಿ ವೇಗದಲ್ಲಿ 20 ನಿಮಿಷ ತಿರುಗಿಸಿ ಕೋಶಗಳನ್ನು ಕೆಳಗಿಳಿಸಿ, ಮೇಲಿನ ದ್ರವವನ್ನು ತಕ್ಷಣ ಮೈನಸ್ 80ಕ್ಕೆ ಹಾಕಬೇಕು. ಮೂತ್ರದಲ್ಲಿ ಯುರೋಮೊಡ್ಯುಲಿನ್ ಎಂಬ ನಾರಿನಂಥ ಪ್ರೋಟೀನು ಧಾರಾಳ. ಅದು ಎಕ್ಸೊಸೋಮು ಎಂಬ, ಮಿರ್ ಹೊತ್ತ ಪುಟ್ಟ ಚೀಲಗಳನ್ನು ಬಲೆಯಂತೆ ಸುತ್ತಿ ತಳಕ್ಕೆ ಎಳೆದೊಯ್ಯುತ್ತದೆ, ಡಿಟಿಟಿ ಎಂಬ ರಾಸಾಯನಿಕ ಹಾಕಿ ಬಿಡಿಸದಿದ್ದರೆ ಅರ್ಧ ಮಾಲು ಚೆಲ್ಲಿದಂತೆ. ರಕ್ತದಲ್ಲಿ ಅಳೆಯುವುದಾದರೆ ಇಡಿಟಿಎ ಕೊಳವೆ. ಹೆಪಾರಿನ್ ಕೊಳವೆಯ ರಕ್ತ ಪಿಸಿಆರನ್ನೇ ಕಟ್ಟಿಹಾಕುತ್ತದೆ. ಕೆಂಪು ಕಣ ಒಡೆದ ರಕ್ತ ಇನ್ನೊಂದು ಬಲೆ, ಅದರಲ್ಲಿ ಮಿರ್-451 ಮತ್ತು ಮಿರ್-16 ತುಂಬಿ ತುಳುಕುತ್ತವೆ. ಮಿರ್-23ಎಯ ಸಿಟಿಯಿಂದ (ಪಿಸಿಆರಿನಲ್ಲಿ ಸಂಕೇತ ಕಾಣುವ ಸುತ್ತಿನ ಸಂಖ್ಯೆ) ಮಿರ್-451ರ ಸಿಟಿ ಕಳೆಯಿರಿ. 5ರೊಳಗಿದ್ದರೆ ನೆಮ್ಮದಿ, 7 ದಾಟಿದರೆ ಆ ಮಾದರಿ ಬೇಡ.

ಆರ್‌ಎನ್‌ಎ ತೆಗೆಯುವಾಗ ಅಳತೆಗೆಂದು ಹಾಕುವ ಹುಳುವಿನ ಮಿರ್-39 ಲೈಸಿಸ್ ಬಫರ್ ಸೇರಿದ ಮೇಲೆಯೇ ಬೀಳಬೇಕು. ಮೊದಲೇ ಹಾಕಿದರೆ ಮಾದರಿಯೊಳಗಿನ ಆರ್‌ಎನ್‌ಏಸ್ ಅದನ್ನು ಕ್ಷಣದಲ್ಲಿ ನುಂಗುತ್ತದೆ, ಆಮೇಲೆ ಎಲ್ಲ ಮಾದರಿಯಲ್ಲೂ ಎಲ್ಲವೂ ಏರಿದಂತೆ ಕಾಣುತ್ತದೆ. ಸ್ಟೆಮ್-ಲೂಪ್ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ 15 ಮೈಕ್ರೊಲೀಟರಿನಲ್ಲಿ: 16 ಡಿಗ್ರಿ 30 ನಿಮಿಷ, 42 ಡಿಗ್ರಿ 30 ನಿಮಿಷ, 85 ಡಿಗ್ರಿ 5 ನಿಮಿಷ. ಬಳಿಕ 95 ಡಿಗ್ರಿಯಲ್ಲಿ 10 ನಿಮಿಷ, ಆಮೇಲೆ 95ರಲ್ಲಿ 15 ಸೆಕೆಂಡು, 60ರಲ್ಲಿ 1 ನಿಮಿಷ, 40 ಸುತ್ತು. 35 ದಾಟಿದ ಸಿಟಿಯನ್ನು ನಂಬಿ ಗ್ರಾಫ್ ಎಳೆಯಬೇಡಿ. ಕೋಶಗಳಲ್ಲಿ ಒಗ್ಗುವ ಯು6 ಎಂಬ ಇನ್ನೊಂದು ಪುಟ್ಟ ಆರ್‌ಎನ್‌ಎಯನ್ನು ಮೂತ್ರಕ್ಕೂ ಪ್ಲಾಸ್ಮಾಕ್ಕೂ ಹೋಲಿಕೆಗೆ ಬಳಸುವುದು ಅತಿ ಸಾಮಾನ್ಯ ತಪ್ಪು. ಅದು ಅಲ್ಲಿ ಮಾದರಿಯಿಂದ ಮಾದರಿಗೆ ಜಿಗಿಯುತ್ತದೆ.

ಇನ್ನೊಂದು ಸೂಕ್ಷ್ಮ. ಮಿರ್-17 ಮತ್ತು ಮಿರ್-106ಎಗೆ ಇರುವ ವ್ಯತ್ಯಾಸ ಮೊದಲ ಅಕ್ಷರ ಮಾತ್ರ, ಅಲ್ಲಿ ಸಿ, ಇಲ್ಲಿ ಎ. ಸ್ಟೆಮ್-ಲೂಪ್ ಪ್ರೈಮರ್ ಹಿಡಿಯುವುದು ಬಾಲವನ್ನು, ಬಾಲ ಎರಡರಲ್ಲೂ ಒಂದೇ. ಹಾಗಾಗಿ ಮಿರ್-17 ಮೂರು ಪಟ್ಟಾಯಿತು ಎಂದು ಬರೆಯುವ ಬದಲು ಮಿರ್-17 ಕುಟುಂಬ ಎಂದು ಬರೆದರೆ ಸುಳ್ಳಾಗುವುದಿಲ್ಲ. ಇಷ್ಟೆಲ್ಲ ಜೋಪಾನ ಬೇಕಾದ ಪರೀಕ್ಷೆಯನ್ನು ಆರೋಗ್ಯ ಪ್ಯಾಕೇಜಿನಲ್ಲಿ ಸೇರಿಸಿ ಕಿಡ್ನಿ ಭವಿಷ್ಯ ಹೇಳುತ್ತೇವೆ ಎಂದು ಯಾರಾದರೂ ಮಾರಿದರೆ ದುಡ್ಡು ಜೇಬಲ್ಲೇ ಇರಲಿ.

ಮನೆಯವರಿಗೆ

ಮಿರ್-17ರ ಮದ್ದು ಬರುವವರೆಗೆ ಮನೆಯವರ ಕೈಯಲ್ಲಿರುವುದರಲ್ಲಿ ಮುಖ್ಯವಾದದ್ದು ಬಿ.ಪಿ. ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ, ಬಿ.ಪಿ. ಏರಿದ್ದರೂ ಕಿಡ್ನಿ ಇನ್ನೂ ಚೆನ್ನಾಗಿರುವವರಲ್ಲಿ 110/75ಕ್ಕಿಂತ ಕೆಳಗಿಟ್ಟಾಗ ಕಿಡ್ನಿ ಊದುವ ವೇಗ ಶೇ. 14ರಷ್ಟು ತಗ್ಗಿದ್ದನ್ನು ಹಾಲ್ಟ್-ಪಿಕೆಡಿ ಪ್ರಯೋಗ ತೋರಿಸಿತು. ಅಷ್ಟು ಕೆಳಗೆ ಇಳಿಸುವುದು ವೈದ್ಯರ ಕಣ್ಣಳತೆಯಲ್ಲಿ ಮಾತ್ರ. ಇದಕ್ಕೆ ಕೊಡುವ ಎಸಿಇ ತಡೆ, ಎಆರ್‌ಬಿ ಗುಂಪಿನ ಬಿ.ಪಿ. ಮಾತ್ರೆ ಬಸುರಿಯರಿಗೆ ಸಲ್ಲದು. ಉಪ್ಪು ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ. ಮಂಡಕ್ಕಿ ಹಗುರ ತಿಂಡಿ ಎಂದು ತಿನ್ನುವವರು ನೆನಪಿಡಬೇಕಾದದ್ದು, ಭಟ್ಟಿಯಲ್ಲಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪು ಹತ್ತಿರುತ್ತದೆ, ಜೊತೆಗಿನ ಮೆಣಸಿನಕಾಯಿಯದು ಬೇರೆ ಲೆಕ್ಕ. ನೀರು ಹೆಚ್ಚು ಕುಡಿದರೆ ಗುಳ್ಳೆ ನಿಲ್ಲುತ್ತದೆಂಬ ನಂಬಿಕೆಯನ್ನು ಮೂರು ವರ್ಷದ ಪ್ರಯೋಗವೊಂದು 2022ರಲ್ಲಿ ಸುಳ್ಳು ಮಾಡಿತು. ಕಲ್ಲಿನವರಿಗೆ ಮಾತ್ರ ಅದು ನಿಜವಾದ ಮದ್ದು. ಸೊಂಟ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್ ಮಾತ್ರೆಯನ್ನು ಮನೆಯಿಂದಲೇ ಹೊರಗೆ ಹಾಕಿ. ಕ್ರಿಯಾಟಿನಿನ್ ಸರಿಯಿದೆ ಎಂದು ನಿಶ್ಚಿಂತೆ ಬೇಡ, ಉಳಿದ ನಾಳಿಕೆಗಳು ದುಪ್ಪಟ್ಟು ದುಡಿದು ಅದನ್ನು ವರ್ಷಗಟ್ಟಲೆ ಸರಿಯಾಗಿಯೇ ತೋರಿಸುತ್ತವೆ.

ವಂಶವಾಹಿ ಪರೀಕ್ಷೆಗೆ ಬೆಂಗಳೂರಿಗೆ ರಕ್ತ ಕಳಿಸುವವರು ಒಂದು ಮಾತು ಕೇಳಿಯೇ ಕಳಿಸಿ: ಪಿಕೆಡಿ1ನ್ನು ಹೇಗೆ ಓದುತ್ತೀರಿ? ಅದರ ಮೊದಲ 33 ಎಕ್ಸಾನುಗಳನ್ನೇ (ಸಂದೇಶದಲ್ಲಿ ಉಳಿಯುವ ವಂಶವಾಹಿಯ ತುಂಡುಗಳು) ಹೋಲುವ ಆರು ನಕಲಿ ವಂಶವಾಹಿಗಳು ಅದೇ ವರ್ಣತಂತುವಿನಲ್ಲಿವೆ. ಲಾಂಗ್-ರೇಂಜ್ ಪಿಸಿಆರ್ ಅಥವಾ ಅದಕ್ಕೆಂದೇ ಮಾಡಿದ ವಿಧಾನ ಇಲ್ಲದಿದ್ದರೆ ನಕಲಿಯ ದೋಷ ಅಸಲಿಗೆ ಅಂಟುತ್ತದೆ, ಅಸಲಿಯದು ತಪ್ಪಿಹೋಗುತ್ತದೆ. ಮಾಮೂಲಿ ಎಕ್ಸೋಮ್ ಪರೀಕ್ಷೆ ಸಂದೇಶದ ಬಾಲವನ್ನು, ಅಂದರೆ ಮಿರ್-17 ಕೂರುವ ಜಾಗವನ್ನು, ಸಾಮಾನ್ಯವಾಗಿ ಓದುವುದೇ ಇಲ್ಲ.

ಇನ್ನು ಅಣ್ಣನಿಗೆ ಕಿಡ್ನಿ ಕೊಡುತ್ತೇನೆಂದು ತಮ್ಮನೋ ತಂಗಿಯೋ ಮುಂದೆ ಬಂದಾಗ. ಮನೆಯಲ್ಲಿ ಕಾಯಿಲೆ ಇದ್ದವರಲ್ಲಿ 15ರಿಂದ 39 ವಯಸ್ಸಿಗೆ ಎರಡೂ ಕಿಡ್ನಿ ಸೇರಿ ಮೂರು ಗುಳ್ಳೆ, 40ರಿಂದ 59ಕ್ಕೆ ಪ್ರತಿ ಕಿಡ್ನಿಯಲ್ಲಿ ಎರಡು, 60 ದಾಟಿದರೆ ಪ್ರತಿ ಕಿಡ್ನಿಯಲ್ಲಿ ನಾಲ್ಕು ಇದ್ದರೆ ಕಾಯಿಲೆ ಖಚಿತ. ಇಲ್ಲ ಎನ್ನುವುದು ಇಷ್ಟು ಸುಲಭವಲ್ಲ. 40 ದಾಟಿದವರಲ್ಲಿ ಅಲ್ಟ್ರಾಸೌಂಡಿನಲ್ಲಿ ಒಂದೇ ಗುಳ್ಳೆ ಇದ್ದರೆ ಅಥವಾ ಒಂದೂ ಇಲ್ಲದಿದ್ದರೆ ಇಲ್ಲವೆನ್ನಬಹುದು. ಇಪ್ಪತ್ತೈದರ ತಂಗಿಯ ಸ್ಕ್ಯಾನಿಂಗ್ ನಾರ್ಮಲ್ ಬಂತೆಂದು ಅವಳ ಕಿಡ್ನಿ ತೆಗೆಯುವಂತಿಲ್ಲ, ಪಿಕೆಡಿ2ರ ಮನೆಯಲ್ಲಂತೂ ಆ ವಯಸ್ಸಿಗೆ ಗುಳ್ಳೆ ಇನ್ನೂ ಕಾಣಿಸದೇ ಇರಬಹುದು. ಅವಳಿಗೆ ಎಂಆರ್‌ಐ ಮಾಡಿಸಿ ಒಟ್ಟು ಗುಳ್ಳೆ ಐದಕ್ಕಿಂತ ಕಡಿಮೆ ಎಂದು ಎಣಿಸಬೇಕು, ಇಲ್ಲವೇ ಮೊದಲು ಅಣ್ಣನ ರಕ್ತದಲ್ಲಿ ದೋಷ ಯಾವುದೆಂದು ಹುಡುಕಿ ಅದೇ ದೋಷ ಅವಳಲ್ಲಿದೆಯೇ ನೋಡಬೇಕು. ಅಣ್ಣನದನ್ನು ಹುಡುಕದೆ ತಂಗಿಯ ರಕ್ತ ಮಾತ್ರ ಕಳಿಸಿದರೆ ಏನೂ ಸಿಗಲಿಲ್ಲ ಎಂಬ ವರದಿಗೆ ಅರ್ಥವೇ ಇರುವುದಿಲ್ಲ.